ಸೀಸೆಗೆ ಮೊದಲು ಪ್ರಶ್ನೆ: ರತ್ನ ಮತ್ತು ಖನಿಜ ಪರೀಕ್ಷೆಗೆ ಸುರಕ್ಷಿತ ದ್ರವಗಳು
(ದತ್ತಿ ಉಪನ್ಯಾಸದ ಮುದ್ರಿತ ಪಠ್ಯ)

ಮುಂಬಯಿಯ ಝವೇರಿ ಬಜಾರಿಗೆ ಹೋಗಿ ಪುಷ್ಯರಾಗ ಬೇಕೆಂದವರ ಮುಂದೆ ಮೂರು ಬಗೆಯ ಹಳದಿ ಕಲ್ಲು ಬರಬಹುದು. ಒಂದು, ಮಾಣಿಕ್ಯ ಮತ್ತು ನೀಲದ ಒಡಹುಟ್ಟಾದ ಹಳದಿ ಸಫೈರ್. ಇನ್ನೊಂದು ಟೋಪಾಜ್. ಮತ್ತೊಂದು ಸಿಟ್ರಿನ್, ಅಂದರೆ ಸ್ಫಟಿಕದ ಹಳದಿ ರೂಪ. ಚೆನ್ನಾಗಿ ಸಾಣೆ ಹಿಡಿದಿದ್ದರೆ ಬರಿಗಣ್ಣಿಗೆ ಮೂರೂ ಒಂದೇ. ಬೆಲೆಯಲ್ಲಿ ಮಾತ್ರ ಅಜಗಜಾಂತರ. ಇವನ್ನು ಬೇರ್ಪಡಿಸುವ ಅತ್ಯಂತ ನಂಬಿಕೆಯ ಗುರುತು ಕಲ್ಲಿನೊಳಗೆ ಹೊಕ್ಕ ಬೆಳಕು ಎಷ್ಟು ಬಾಗುತ್ತದೆ ಎಂಬುದು. ಆ ಅಳತೆಗೆ ವಕ್ರೀಭವನ ಸೂಚ್ಯಂಕ ಎಂದು ಹೆಸರು. ಸಿಟ್ರಿನ್‌ನ ಸೂಚ್ಯಂಕ 1.544ರಿಂದ 1.553, ಟೋಪಾಜ್‌ನದು 1.61ರಿಂದ 1.64, ಸಫೈರ್‌ನದು 1.762ರಿಂದ 1.770. ಈ ಅಂಕಿಗಳು ಒಂದರ ಸೀಮೆಯನ್ನು ಇನ್ನೊಂದು ಮುಟ್ಟುವುದಿಲ್ಲ.

ಈ ಅಳತೆ ಸಿಗಬೇಕಾದರೆ ಕಲ್ಲಿಗೊಂದು ದ್ರವ ಬೇಕು. ಉಪಕರಣದ ಗಾಜಿಗೂ ಕಲ್ಲಿಗೂ ನಡುವೆ ಒಂದು ಹನಿಯಾದರೂ ಬೇಕು, ಇಲ್ಲವೇ ಕಲ್ಲು ಮುಳುಗುವಷ್ಟು ಬೇಕು. ನೂರು ವರ್ಷಕ್ಕೂ ಮೇಲ್ಪಟ್ಟು ಈ ಕೆಲಸಕ್ಕೆ ಒದಗಿದ ದ್ರವಗಳಲ್ಲಿ ಹಲವು ಕಡು ವಿಷ. ಕೆಲವು ಉಸಿರಿನ ಮೂಲಕ ಒಳಗಿಳಿಯುತ್ತವೆ, ಕೆಲವು ಚರ್ಮದ ಮೂಲಕ, ಕೆಲವಕ್ಕೆ ಹತ್ತಿರದ ಬಿಸಿ ಬಲ್ಬೇ ಬೆಂಕಿಯಾಗಲು ಸಾಕು. ಅವುಗಳ ಜಾಗಕ್ಕೆ ಯಾವುದನ್ನು ತರಬಹುದು, ಎಲ್ಲಿ ತರಲಾಗದು ಎಂಬುದೇ ಈ ಉಪನ್ಯಾಸದ ವಿಷಯ. ಇದರ ವಾದ ಸರಳ: ಕಪಾಟಿನಲ್ಲಿರುವ ಅತಿ ಬಲವಾದ ಸೀಸೆಯಿಂದ ಪರೀಕ್ಷೆ ಶುರುವಾಗಬಾರದು. ಕಲ್ಲಿಗೆ ಕೇಳುವ ಪ್ರಶ್ನೆ ಮೊದಲು ಸ್ಪಷ್ಟವಾಗಬೇಕು. ಹಾಗೆ ಹೊರಟರೆ ಈ ನಗರದ ಬಹುಪಾಲು ಕಲ್ಲುಗಳಿಗೆ ಸೌಮ್ಯ ದ್ರವಗಳೇ ಸಾಕಾಗುತ್ತವೆ.

ಮುಳುಗಿಸಿ ನೋಡುವ ವಿದ್ಯೆ

ರತ್ನವನ್ನು ದ್ರವದಲ್ಲಿಟ್ಟು ನೋಡುವುದು ನಮ್ಮ ನಾಡಿಗೆ ಹೊಸತಲ್ಲ. ಹಾಲಿನಲ್ಲಿಟ್ಟಾಗ ಹಾಲಿಗೇ ನೀಲಿ ಛಾಯೆ ಕೊಡುವ ಕಲ್ಲು ಉತ್ತಮ ಜಾತಿಯ ನೀಲ ಎಂದು ಹಳೆಯ ಸಂಸ್ಕೃತ ರತ್ನಶಾಸ್ತ್ರಗಳು ಹೇಳುತ್ತವೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ, ರಾಜನ ಬೊಕ್ಕಸದ ವಿಚಾರ ಬರುವಲ್ಲಿ ರತ್ನಪರೀಕ್ಷೆಯೂ ಸೇರಿದೆ. ಕನ್ನಡ ನೆಲದ ಅರಮನೆಯಲ್ಲಿ ಇದು ಆಡಳಿತದ ಅಂಗವಾಗಿತ್ತು.

ಆಧುನಿಕ ಭೌತವಿಜ್ಞಾನ ಇದಕ್ಕೆ ಕಾರಣ ಕೊಟ್ಟಿತು. ಎರಡು ಮಾಧ್ಯಮಗಳ ಸೂಚ್ಯಂಕ ಬೇರೆಯಾಗಿದ್ದರೆ ಅವು ಕೂಡುವಲ್ಲಿ ಬೆಳಕು ಬಾಗುತ್ತದೆ, ಒಂದಿಷ್ಟು ಹಿಂದಕ್ಕೂ ಚಿಮ್ಮುತ್ತದೆ. ಆದ್ದರಿಂದಲೇ ಅಂಚು ಕಾಣುತ್ತದೆ. ಸೂಚ್ಯಂಕಗಳು ಒಂದೇ ಆದರೆ ಬಾಗಲು ಕಾರಣವಿಲ್ಲ, ಅಂಚೂ ಇಲ್ಲ. ಕಲ್ಲು ದ್ರವದೊಳಗೆ ಕಣ್ಮರೆಯಾಗುತ್ತದೆ. 1884ರಲ್ಲಿ ಡೆನ್ಮಾರ್ಕಿನ ಕ್ರಿಸ್ಟಿಯನ್‌ಸೆನ್ ಗಾಜಿನ ಪುಡಿಯನ್ನು ಬೆಂಜೀನ್ ಮತ್ತು ಕಾರ್ಬನ್ ಡೈಸಲ್ಫೈಡ್ ಬೆರೆತ ದ್ರವದಲ್ಲಿ ತುಂಬಿ ನೋಡಿದ. ಯಾವ ಬಣ್ಣಕ್ಕೆ ಗಾಜಿನ ಮತ್ತು ದ್ರವದ ಸೂಚ್ಯಂಕ ಸರಿಹೊಂದುತ್ತದೋ ಆ ಬಣ್ಣವಷ್ಟೇ ನೇರ ಹಾದುಹೋಯಿತು, ಉಳಿದವು ಚದುರಿದವು. ಈ ಪ್ರಯೋಗದ ಸಿದ್ಧಾಂತವನ್ನು ಕುರಿತು ಸಿ. ವಿ. ರಾಮನ್ 1949ರಲ್ಲಿ ಬೆಂಗಳೂರಿನಿಂದ ಪ್ರಬಂಧ ಪ್ರಕಟಿಸಿದರು. ಮುಂದೆ ಎ. ಜಯರಾಮನ್ ಅವರೊಡನೆ 1950ರಲ್ಲಿ ಲ್ಯಾಬ್ರಡೊರೈಟ್, 1953ರಲ್ಲಿ ಓಪಲ್ ಕಲ್ಲುಗಳ ಬಣ್ಣದ ಮೂಲವನ್ನು ಅವರು ಕೆದಕಿದರು. ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಅವರ ಹರಳುಗಳ ಸಂಗ್ರಹ ಇಂದಿಗೂ ಇದೆ.

ಕಣ್ಮರೆಯ ಈ ಗುಣವನ್ನು ಅಳತೆಯಾಗಿ ಮಾಡಿದವನು ಆಸ್ಟ್ರಿಯಾದ ಖನಿಜವಿಜ್ಞಾನಿ ಫ್ರೀಡ್ರಿಕ್ ಬೆಕೆ, 1893ರಲ್ಲಿ. ಖನಿಜವನ್ನು ಸಣ್ಣ ಕಣಗಳಾಗಿ ಪುಡಿಮಾಡಿ, ಗಾಜುಪಟ್ಟಿಯ ಮೇಲೆ ಹರವಿ, ಮೇಲೊಂದು ತೆಳು ಗಾಜು ಮುಚ್ಚಿ, ಅದರ ಅಂಚಿಗೆ ದ್ರವದ ಹನಿ ತಾಗಿಸಬೇಕು. ಹನಿ ತಾನಾಗಿ ಒಳಗೆ ಹರಿಯುತ್ತದೆ. ಸೂಕ್ಷ್ಮದರ್ಶಕದಲ್ಲಿ ಕಣದ ಸುತ್ತ ಕೂದಲೆಳೆಯ ಬೆಳಕಿನ ಗೆರೆಯೊಂದು ಕಾಣುತ್ತದೆ. ವೇದಿಕೆಯನ್ನು ಸ್ವಲ್ಪ ಕೆಳಗಿಳಿಸಿದರೆ ಆ ಗೆರೆ ಸೂಚ್ಯಂಕ ಹೆಚ್ಚಿರುವ ಕಡೆಗೆ ಸರಿಯುತ್ತದೆ. ಕಣದೊಳಕ್ಕೆ ಸರಿದರೆ ಕಣದ ಸೂಚ್ಯಂಕ ಹೆಚ್ಚು, ದ್ರವದ ಕಡೆ ಸರಿದರೆ ದ್ರವದ್ದು ಹೆಚ್ಚು. ಎರಡು ಮೂರು ದ್ರವ ಬದಲಿಸುವಷ್ಟರಲ್ಲಿ ಉತ್ತರ ಕೈಗೆ ಬರುತ್ತದೆ.

ಒಂದು ಹನಿಯ ಕೆಲಸ

ಬಜಾರಿನಲ್ಲಿ ಕಲ್ಲನ್ನು ಪುಡಿಮಾಡುವಂತಿಲ್ಲ. ಅಲ್ಲಿಗೆ ಹೊಂದುವ ಉಪಕರಣ ರಿಫ್ರ್ಯಾಕ್ಟೋಮೀಟರ್. ಬ್ರಿಟಿಷ್ ಮ್ಯೂಸಿಯಂನ ಹರ್ಬರ್ಟ್ ಸ್ಮಿತ್ 1905ರಲ್ಲಿ ರತ್ನಗಳಿಗೆಂದೇ ಅದನ್ನು ರೂಪಿಸಿದ. ಅಂಗೈಯಗಲದ ಪೆಟ್ಟಿಗೆ, ಮೇಲೆ ಸೀಸ ಬೆರೆತ ಗಾಜಿನ ಸಣ್ಣ ಹಾಸು. ಆ ಹಾಸಿನ ನಡುವೆ ಒಂದೆರಡು ಮಿಲಿಮೀಟರ್ ಅಗಲದ ಹನಿಯಿಟ್ಟು, ಕಲ್ಲಿನ ಚಪ್ಪಟೆ ಮುಖವನ್ನು ಅದರ ಮೇಲೆ ಮೆಲ್ಲಗೆ ಜಾರಿಸುತ್ತಾರೆ. ಕಣ್ಣುಗಾಜಿನಲ್ಲಿ ನೋಡಿದರೆ ಅಂಕಿಪಟ್ಟಿಯ ಒಂದು ಭಾಗ ಮಬ್ಬು, ಇನ್ನೊಂದು ಭಾಗ ಬೆಳಕು. ಎರಡೂ ಕೂಡುವ ನೆರಳಿನ ಅಂಚು ನಿಂತಲ್ಲಿ ಸೂಚ್ಯಂಕ. ಸೋಡಿಯಂ ದೀಪದ ಹಳದಿ ಬೆಳಕಿನಲ್ಲಿ ಅಂಚು ಚೂಪಾಗುತ್ತದೆ. ಕಲ್ಲನ್ನು ತಿರುಗಿಸಿದಂತೆ ಅಂಚು ಸರಿದಾಡಿದರೆ ಅದು ಗಾಜಲ್ಲ, ಮಾಣಿಕ್ಯವನ್ನು ಹೋಲುವ ಸ್ಪಿನೆಲ್ಲೂ ಅಲ್ಲ, ದ್ವಿವಕ್ರೀಭವನವುಳ್ಳ, ಅಂದರೆ ಬೆಳಕನ್ನು ಎರಡು ಕಿರಣಗಳಾಗಿ ಒಡೆಯುವ ಹರಳು.

ಹನಿ ಇಲ್ಲದಿದ್ದರೆ ಗಾಜಿಗೂ ಕಲ್ಲಿಗೂ ನಡುವೆ ಗಾಳಿಯ ಪದರ ಉಳಿಯುತ್ತದೆ. ಬೆಳಕು ಆ ಗಾಳಿಗೇ ತಾಗಿ ಹಿಂದಿರುಗುತ್ತದೆ, ಕಲ್ಲನ್ನು ಮುಟ್ಟುವುದೇ ಇಲ್ಲ. ಗಾಳಿಯನ್ನು ಹೊರಗೆ ತಳ್ಳುವುದಷ್ಟೇ ಹನಿಯ ಕೆಲಸ. ಆದರೆ ಒಂದು ಕಟ್ಟಳೆಯಿದೆ: ಹನಿಯ ಸೂಚ್ಯಂಕ ಕಲ್ಲಿನದಕ್ಕಿಂತ ಹೆಚ್ಚಿರಬೇಕು. 1.60 ಅಂಕದ ಹನಿಯಿಂದ 1.77ರ ಮಾಣಿಕ್ಯವನ್ನು ಅಳೆಯಲಾಗದು.

ಎಲ್ಲ ಕಲ್ಲಿಗೂ ಒಂದೇ ಹನಿ ಸಾಕಾಗಲಿ ಎಂಬ ಆಸೆಯಿಂದ 1930ರ ದಶಕದಲ್ಲಿ ಲಂಡನ್ನಿನ ಬಿ. ಡಬ್ಲ್ಯು. ಆಂಡರ್ಸನ್ ಮತ್ತು ಸಿ. ಜೆ. ಪೇನ್ ಹೆಚ್ಚಿನ ಸೂಚ್ಯಂಕದ ದ್ರವಗಳನ್ನು ಜಾಲಾಡಿದರು. ಆಂಡರ್ಸನ್ ಮುಖ್ಯಸ್ಥನಾಗಿದ್ದ ಪ್ರಯೋಗಾಲಯದ ಹುಟ್ಟಿಗೂ ಮುಂಬಯಿಗೂ ದೂರದ ನಂಟಿದೆ. ಜಪಾನಿನ ಕೃಷಿ ಮುತ್ತುಗಳು ಮಾರುಕಟ್ಟೆಗೆ ನುಗ್ಗಿ, ಪರ್ಷಿಯನ್ ಕೊಲ್ಲಿಯಿಂದ ಬರುತ್ತಿದ್ದ ಸಹಜ ಮುತ್ತಿನ ವ್ಯಾಪಾರ ಕಂಗೆಟ್ಟಾಗ, ಎರಡನ್ನೂ ಬೇರ್ಪಡಿಸಲೆಂದು 1925ರಲ್ಲಿ ಅದು ಆರಂಭವಾಯಿತು. ಆ ಕೊಲ್ಲಿ ಮುತ್ತು, ನಮ್ಮವರ ಬಾಯಲ್ಲಿ ಬಸ್ರಾ ಮುತ್ತು, ಜಗತ್ತಿಗೆ ಹಂಚಿಹೋಗುತ್ತಿದ್ದ ದೊಡ್ಡ ಪೇಟೆ ಮುಂಬಯಿಯೇ.

ಅವರ ಶೋಧದ ಫಲವಾಗಿ ಬಂದದ್ದು ಡೈಅಯೊಡೊಮೀಥೇನ್, ಗಂಧಕ, ಟೆಟ್ರಾಅಯೊಡೊಎಥಿಲೀನ್ ಸೇರಿದ 1.81 ಸೂಚ್ಯಂಕದ ದ್ರವ. ಇಂದಿಗೂ ಪರೀಕ್ಷಕರು ‘ಆರ್‌ಐ ಲಿಕ್ವಿಡ್’ ಎಂದು ಕರೆಯುವುದು ಇದನ್ನೇ. ಕಟು ವಾಸನೆ, ಬೆಳಕಿಗೆ ಇಟ್ಟರೆ ಕಂದುಗಟ್ಟುವ ಗುಣ. ಬಿಡುಗಡೆಯಾದ ಅಯೊಡಿನ್ ಹೀರಲೆಂದು ಸೀಸೆಯೊಳಗೆ ತಾಮ್ರದ ಚೂರು ಹಾಕಿಡುವ ರೂಢಿಯಿದೆ. ಒರೆಸದೆ ಬಿಟ್ಟರೆ ದ್ರವ ಆರಿಹೋಗಿ ಕಲ್ಲಿನ ಮೇಲೆ ಗಂಧಕದ ಹಳದಿ ಹರಳು ಕೂರುತ್ತದೆ. ಹೊಟ್ಟೆಗೆ ಹೋದರೆ ಅಪಾಯ, ಚರ್ಮಕ್ಕೂ ಕಣ್ಣಿಗೂ ಉರಿ. ಕಿಟಕಿಯಿಲ್ಲದ ಕೋಣೆಯಲ್ಲಿ ದಿನವಿಡೀ ಅದರ ಆವಿ ಕುಡಿಯುವುದು ಯಾರಿಗೂ ಒಳ್ಳೆಯದಲ್ಲ.

ಕಂದು ಸೀಸೆಗಳು

ಇದಕ್ಕಿಂತ ಘೋರವಾದವು ಬೇರೆ ಇವೆ. ಕಾರ್ಬನ್ ಡೈಸಲ್ಫೈಡ್‌ನ ಸೂಚ್ಯಂಕ 1.63. ಅದರ ಆವಿ ಸೊನ್ನೆಗಿಂತ ಸುಮಾರು 30 ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ, 90 ಡಿಗ್ರಿಯ ಬಿಸಿ ಮೈ ಸಿಕ್ಕರೆ ಕಿಡಿಯೇ ಬೇಡ. ರಬ್ಬರ್ ಕಾರ್ಖಾನೆಯ ಕಾರ್ಮಿಕರ ನರಗಳನ್ನೂ ಮನಸ್ಸನ್ನೂ ಅದು ಕೆಡಿಸುವುದನ್ನು ಪ್ಯಾರಿಸ್ಸಿನ ವೈದ್ಯ ಡೆಲ್‌ಪೆಶ್ 1856ರಲ್ಲೇ ದಾಖಲಿಸಿದ್ದ. ರೇಯಾನ್ ನೂಲಿನ ತಯಾರಿಕೆಗೆ ಬೇಕಾಗುವುದೂ ಇದೇ ದ್ರವ. ಮುಂಬಯಿ ಬಳಿಯ ಕಲ್ಯಾಣದ ಆಚೆ, ರೇಯಾನ್ ಕಾರ್ಖಾನೆಯಿರುವ ಶಹಾಡ್ ಕಡೆಯವರಿಗೆ ಅದರ ಹೆಸರು ಹೊಸತಲ್ಲ. ಬೆಂಜೀನ್ ರಕ್ತದ ಕ್ಯಾನ್ಸರಿಗೆ ಕಾರಣವೆಂದು ಸಾಬೀತಾದದ್ದು. ನೈಟ್ರೊಬೆಂಜೀನ್ ಚರ್ಮದ ಮೂಲಕವೇ ರಕ್ತ ಸೇರಿ, ಆಮ್ಲಜನಕ ಹೊರುವ ಶಕ್ತಿಯನ್ನು ಕುಂದಿಸುತ್ತದೆ.

1907ರಲ್ಲಿ ಇಟಲಿಯ ಎನ್ರಿಕೊ ಕ್ಲೆರಿಚಿ ಖನಿಜಗಳನ್ನು ಸಾಂದ್ರತೆಯಿಂದ ಬೇರ್ಪಡಿಸಲು ತಯಾರಿಸಿದ ಥ್ಯಾಲಿಯಂ ಲವಣಗಳ ದ್ರಾವಣದಲ್ಲಿ ಮಾಣಿಕ್ಯವೂ ತೇಲುತ್ತದೆ. ಅದರ ಸಾಂದ್ರತೆ 4ಕ್ಕೂ ಹೆಚ್ಚು. ಥ್ಯಾಲಿಯಂ ಚರ್ಮದ ಮೂಲಕ ಇಳಿಯುತ್ತದೆ, ಕೂದಲು ಉದುರಿಸುತ್ತದೆ, ನರಗಳನ್ನು ಸುಡುತ್ತದೆ. ಸುಮಾರು ಒಂದು ಗ್ರಾಂ ಲವಣ ಜೀವ ತೆಗೆಯಲು ಸಾಕು. 1936ರಲ್ಲಿ ಅಮೆರಿಕದ ಸಿ. ಡಿ. ವೆಸ್ಟ್ ಸೂಚಿಸಿದ ದ್ರವ ಬಿಳಿ ರಂಜಕ, ಗಂಧಕ, ಡೈಅಯೊಡೊಮೀಥೇನ್‌ಗಳ ಮಿಶ್ರಣ. ಸೂಚ್ಯಂಕ 2ನ್ನು ದಾಟುತ್ತದೆ, ಆದರೆ ಒರೆಸಿ ಬಿಸಾಡಿದ ಬಟ್ಟೆ ಗಾಳಿಗೆ ತಾನೇ ಹೊತ್ತಿಕೊಳ್ಳುತ್ತದೆ. ಇಂದು ಮಾರಾಟದಲ್ಲಿರುವ, 1.81ಕ್ಕಿಂತ ಮೇಲಿನ ಸೂಚ್ಯಂಕದ ದ್ರವಗಳಲ್ಲೂ ಪಾಷಾಣ, ಅಂದರೆ ಆರ್ಸೆನಿಕ್ ಸಂಯುಕ್ತಗಳಿರುತ್ತವೆ.

ಇವನ್ನು ರೂಪಿಸಿದವರು ಬೇಜವಾಬ್ದಾರಿಯವರಲ್ಲ. ಭಾರವಾದ ಪರಮಾಣುಗಳ ಇಲೆಕ್ಟ್ರಾನುಗಳು ಬೆಳಕಿಗೆ ಸುಲಭವಾಗಿ ತೂಗಾಡುತ್ತವೆ, ಆದ್ದರಿಂದ ಅಯೊಡಿನ್, ಬ್ರೋಮಿನ್, ಗಂಧಕ, ಆರ್ಸೆನಿಕ್ ಇರುವ ದ್ರವಗಳು ಬೆಳಕನ್ನು ಹೆಚ್ಚು ಬಾಗಿಸುತ್ತವೆ. ಅವೇ ಧಾತುಗಳ ಸಂಯುಕ್ತಗಳಲ್ಲಿ ಹಲವು ದೇಹಕ್ಕೆ ವೈರಿಗಳು. ಆದ್ದರಿಂದ 1.81ಕ್ಕೆ ನಿಲ್ಲುವ, ಪೂರಾ ನಿರಪಾಯವಾದ, ಅಗ್ಗದ ದ್ರವ ಪರೀಕ್ಷಕರ ಮೇಜಿಗೆ ಬಂದಿಲ್ಲ. ಹಾಗಿರುವಾಗ ಕೇಳಬೇಕಾದ್ದು: 1.81 ಯಾರಿಗೆ ಬೇಕು?

ನವರತ್ನದ ಲೆಕ್ಕ

ನವರತ್ನದ ಉಂಗುರವೊಂದನ್ನು ಎದುರಿಗಿಟ್ಟು ಲೆಕ್ಕ ಹಾಕಬಹುದು. ವಜ್ರದ ಸೂಚ್ಯಂಕ 2.417. ಯಾವ ಹನಿಯೂ ಅಷ್ಟೆತ್ತರಕ್ಕೆ ಹೋಗದು, ಹೋಗಬೇಕಾಗಿಯೂ ಇಲ್ಲ. ಬಾಂದ್ರಾ-ಕುರ್ಲಾ ಸಂಕೀರ್ಣದ ಭಾರತ್ ಡೈಮಂಡ್ ಬೋರ್ಸ್‌ನ ಸುತ್ತ ನಡೆಯುವ ವಜ್ರಪರೀಕ್ಷೆ ಬೇರೆಯೇ ಉಪಕರಣಗಳನ್ನು ನಂಬಿದೆ. ಮುತ್ತು ಮತ್ತು ಹವಳ ಸುಣ್ಣದ ಜೀವಜನ್ಯ ವಸ್ತುಗಳು. ಅವನ್ನು ಎಣ್ಣೆಯಲ್ಲಾಗಲಿ ಕರಗಿಸುವ ದ್ರವದಲ್ಲಾಗಲಿ ಮುಳುಗಿಸಲೇಬಾರದು. ಪಚ್ಚೆಯ ಸೂಚ್ಯಂಕ ಸಾಮಾನ್ಯವಾಗಿ 1.58ರ ಆಸುಪಾಸು. ಇನ್ನುಳಿದ ಮಾಣಿಕ್ಯ, ನೀಲ, ಗೋಮೇಧಿಕ, ವೈಡೂರ್ಯ ಮತ್ತು ಸಫೈರ್ ಜಾತಿಯ ಪುಷ್ಯರಾಗ 1.73 ಮತ್ತು 1.78ರ ನಡುವೆ ಬರುತ್ತವೆ.

ಇವುಗಳಲ್ಲಿ ಮೂರು, ಮಾಣಿಕ್ಯ, ನೀಲ, ಪುಷ್ಯರಾಗ, ಒಂದೇ ಖನಿಜವಾದ ಕುರಂದ. ಹಾಗಾಗಿ ಒಂಬತ್ತು ರತ್ನಗಳ ಪೈಕಿ 1.81ರ ಅಯೊಡಿನ್ ದ್ರವಕ್ಕೆ ನಿಜವಾಗಿ ಕೆಲಸವಿರುವುದು ಮೂರು ಖನಿಜಗಳಲ್ಲಿ. ಅಲ್ಲೂ ನಿಖರ ಅಂಕಿ ಬೇಕಾದಾಗ ಮಾತ್ರ, ಅದೂ ಒಂದು ಹನಿ.

ಪೇಟೆಯಲ್ಲಿ ಹರಿದಾಡುವ ಉಳಿದ ಕಲ್ಲುಗಳನ್ನು ನೋಡಿದರೆ ಲೆಕ್ಕ ಇನ್ನಷ್ಟು ಹಗುರ. ಅಮೆಥಿಸ್ಟ್, ಸಿಟ್ರಿನ್, ಅಕೀಕು, ಎಲ್ಲ ಬಗೆಯ ಸ್ಫಟಿಕ 1.56ರ ಒಳಗೆ. ಅಕ್ವಾಮರೀನ್ 1.59ರ ಒಳಗೆ. ಚಂದ್ರಕಾಂತ ಶಿಲೆ 1.52ರ ಹತ್ತಿರ. ಟೋಪಾಜ್ ಮತ್ತು ಟೂರ್ಮಲೀನ್ 1.65ರ ಒಳಗೆ. ಇವಕ್ಕೆ 1.66ರ ಮೋನೊಬ್ರೋಮೊನ್ಯಾಫ್ತಲೀನ್ ಸಾಕು. ಅದೂ ನುಂಗಿದರೆ ಹಾನಿಕರವೇ, ಆದರೆ ಬೆಂಜೀನ್ ಅಥವಾ ಕಾರ್ಬನ್ ಡೈಸಲ್ಫೈಡ್‌ನಂತೆ ಗಾಳಿಗೆ ಹಾರಿ ಹರಡುವುದಿಲ್ಲ. ಸ್ಫಟಿಕಕ್ಕೂ ಪಚ್ಚೆಗೂ ಇನ್ನೂ ಕೆಳಗಿಳಿಯಬಹುದು: ದಾಲ್ಚಿನ್ನಿ ಜಾತಿಯ ಕ್ಯಾಸಿಯಾ ಎಣ್ಣೆಯ ಸೂಚ್ಯಂಕ 1.60ರ ಸುತ್ತ, ಅದರ ಸಾರವಾದ ಸಿನಮಾಲ್ಡಿಹೈಡ್‌ನದು 1.62.

ಮೊದಲು ಹೇಳಿದ ಮೂರು ಹಳದಿ ಕಲ್ಲುಗಳನ್ನು ಕ್ಯಾಸಿಯಾ ಎಣ್ಣೆಯ ಬಟ್ಟಲಿನಲ್ಲಿ ಇಟ್ಟು ನೋಡಿದರೆ ಉತ್ತರ ಕಣ್ಣೆದುರೇ ಇದೆ. ಟೋಪಾಜ್‌ನ ಅಂಚು ಬಹುಮಟ್ಟಿಗೆ ಅಳಿಸಿಹೋಗುತ್ತದೆ. ಸಿಟ್ರಿನ್‌ನ ಅಂಚು ತೆಳ್ಳಗೆ ಉಳಿಯುತ್ತದೆ. ಸಫೈರ್ ಮಾತ್ರ ಮುಖಮುಖವೂ ಎದ್ದು ಕಾಣುತ್ತದೆ. ಅಂಕಿಯ ಪ್ರಮಾಣಪತ್ರ ಬರೆಯಲು ಇದು ಸಾಲದು, ಮೂರು ಗುಂಪು ಮಾಡಲು ಧಾರಾಳ ಸಾಕು.

ನೀರೂ ಸಾಕಾಗುವ ಕಡೆ

ಮುಳುಗಿಸುವುದು ಯಾವಾಗಲೂ ಅಳೆಯುವುದಕ್ಕಲ್ಲ. ಬಹಳ ಸಲ ಒಳಗಿನದನ್ನು ನೋಡುವುದಕ್ಕೆ. ನೀಲದ ಮೈಮೇಲೆ ಮಾತ್ರ ಬಿಸಿಯಲ್ಲಿ ಬಣ್ಣ ಇಳಿಸಿದ್ದಾರೆಯೇ, 2000ದ ನಂತರ ಪೇಟೆಗೆ ಬಂದ ಬೆರಿಲಿಯಂ ಸಂಸ್ಕಾರ ಆಗಿದೆಯೇ, ಮಾಣಿಕ್ಯದ ಬಿರುಕಿಗೆ ಸೀಸದ ಗಾಜು ತುಂಬಿದ್ದಾರೆಯೇ, ಎರಡು ತುಂಡು ಅಂಟಿಸಿ ಒಂದು ಕಲ್ಲು ಮಾಡಿದ್ದಾರೆಯೇ ಎಂಬ ಪ್ರಶ್ನೆಗಳಿಗೆ ಬೇಕಾದ್ದು ಮೇಲ್ಮೈಯ ಹೊಳಪು ಅಡಗುವುದು. ಅಷ್ಟಕ್ಕೆ ಎಷ್ಟು ಸೂಚ್ಯಂಕ ಬೇಕು?

ಗಾಳಿಯಲ್ಲಿ ಸಫೈರಿನ ಮುಖಕ್ಕೆ ನೇರ ಬಿದ್ದ ಬೆಳಕಿನಲ್ಲಿ ಸುಮಾರು ಶೇ. 7.7 ಹಿಂದಕ್ಕೆ ಚಿಮ್ಮುತ್ತದೆ. ಅದೇ ಕಲ್ಲನ್ನು ನೀರಿನಲ್ಲಿಟ್ಟರೆ ಅದು ಶೇ. 2ಕ್ಕೆ ಇಳಿಯುತ್ತದೆ. ಗ್ಲಿಸರಿನ್‌ನಲ್ಲಿ ಶೇ. 0.8. ಬೆಂಜೈಲ್ ಬೆಂಜೊಯೇಟ್‌ನಲ್ಲಿ ಶೇ. 0.4ಕ್ಕಿಂತ ಕಡಿಮೆ. ಡೈಅಯೊಡೊಮೀಥೇನ್‌ನಲ್ಲಿ ಇಲ್ಲವೆನ್ನುವಷ್ಟು. ಅಂದರೆ ನಲ್ಲಿಯ ನೀರೇ ಮುಕ್ಕಾಲು ಹೊಳಪನ್ನು ಅಡಗಿಸುತ್ತದೆ, ಔಷಧದಂಗಡಿಯ ಗ್ಲಿಸರಿನ್ ಹತ್ತರಲ್ಲಿ ಒಂಬತ್ತು ಪಾಲನ್ನು. ಬಿಳಿ ಪ್ಲಾಸ್ಟಿಕ್ ಹಾಳೆಯ ಹಿಂದಿನಿಂದ ಹರಡಿದ ಬೆಳಕು ಕೊಟ್ಟರೆ ಬಣ್ಣದ ಪದರ, ಅಂಟಿನ ಗೆರೆ, ಗುಳ್ಳೆಗಳು ಅನೇಕ ಸಲ ಗ್ಲಿಸರಿನ್‌ನಲ್ಲೇ ತೋರುತ್ತವೆ. ಅನುಮಾನ ಉಳಿದ ಕೆಲವೇ ಕಲ್ಲುಗಳು ಮುಂದಿನ ಮೆಟ್ಟಿಲಿಗೆ ಹೋಗಲಿ. ಬಟ್ಟಲು ತುಂಬ ಡೈಅಯೊಡೊಮೀಥೇನ್ ಸುರಿದು ಎಲ್ಲವನ್ನೂ ಅದರಲ್ಲಿ ನೋಡುವ ಅಭ್ಯಾಸಕ್ಕೆ ಈ ಅಂಕಿಗಳ ಮುಂದೆ ಸಮರ್ಥನೆ ಇಲ್ಲ.

ಸೌಮ್ಯ ದ್ರವಗಳ ಸಾಲು ಚಿಕ್ಕದೇನಲ್ಲ. ನೀರು 1.33, ಆಲಿವ್ ಎಣ್ಣೆ ಮತ್ತು ಗ್ಲಿಸರಿನ್ 1.47, ಹರಳೆಣ್ಣೆ 1.48, ಸೂಕ್ಷ್ಮದರ್ಶಕಕ್ಕೆಂದು ಗಟ್ಟಿಮಾಡಿದ ದೇವದಾರು ಎಣ್ಣೆ 1.515, ಲವಂಗದ ಎಣ್ಣೆ 1.53, ನೋವಿನ ಮುಲಾಮುಗಳಿಗೆ ಹಾಕುವ ವಿಂಟರ್‌ಗ್ರೀನ್ ಎಣ್ಣೆ 1.54, ಬೆಂಜೈಲ್ ಬೆಂಜೊಯೇಟ್ 1.57, ಕ್ಯಾಸಿಯಾ 1.60. ಪರಸ್ಪರ ಬೆರೆಯುವ ಎರಡು ಎಣ್ಣೆಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಕೂಡಿಸಿದರೆ ನಡುವಿನ ಅಂಕಗಳೂ ಸಿಗುತ್ತವೆ.

ಆದರೆ ಗಿಡಮೂಲದ್ದು ಎಂದ ಮಾತ್ರಕ್ಕೆ ನಿರಪಾಯವಲ್ಲ. ದಾಲ್ಚಿನ್ನಿಯ ಸಾರ ಚರ್ಮಕ್ಕೆ ಒಗ್ಗದೆ ತುರಿ ಎಬ್ಬಿಸಬಹುದು. ವಿಂಟರ್‌ಗ್ರೀನ್ ಎಣ್ಣೆ ಒಂದು ಚಮಚ ಹೊಟ್ಟೆಗೆ ಹೋದರೆ ಮಗುವಿನ ಜೀವಕ್ಕೇ ಕುತ್ತು. ಲವಂಗದ ಎಣ್ಣೆ ಕೆಲವು ಪ್ಲಾಸ್ಟಿಕ್ ಬಟ್ಟಲುಗಳನ್ನು ಕರಗಿಸುತ್ತದೆ. ಕೈಗವಸು, ಮುಚ್ಚಳ, ಹೆಸರಿನ ಚೀಟಿ ಇವಕ್ಕೂ ಬೇಕು. ಕಲ್ಲಿನ ಕಡೆಯಿಂದಲೂ ಎಚ್ಚರ ಬೇಕು. ಪಚ್ಚೆಯ ಬಿರುಕುಗಳಿಗೆ ದೇವದಾರು ಎಣ್ಣೆ ತುಂಬುವುದು ವ್ಯಾಪಾರದ ಹಳೆಯ ರೂಢಿ. ಕರಗಿಸುವ ದ್ರವದಲ್ಲಿ ಮುಳುಗಿಸಿದರೆ ತುಂಬಿದ್ದು ಹೊರಬಂದು ಬಿರುಕು ಬೆಳ್ಳಗೆ ಬಾಯಿ ತೆರೆಯಬಹುದು. ಓಪಲ್ ಮತ್ತು ಫಿರೋಜಾ ರಂಧ್ರಗಳುಳ್ಳ ಕಲ್ಲುಗಳು, ಬಣ್ಣದ ಎಣ್ಣೆ ಹೀರಿ ಕಲೆಯಾಗುತ್ತವೆ.

ಮುಂಬಯಿಯ ಸ್ವಂತ ಖನಿಜಗಳು

ಈ ನಗರ ರತ್ನಗಳ ಪೇಟೆ ಮಾತ್ರವಲ್ಲ, ಖನಿಜಗಳ ತವರೂ ಹೌದು. ಅಂಧೇರಿಯ ಗಿಲ್ಬರ್ಟ್ ಹಿಲ್ ಕಂಬಕಂಬವಾಗಿ ಎದ್ದು ನಿಂತಿರುವುದು ಆರು ಕೋಟಿ ವರ್ಷಗಳಿಗೂ ಹಿಂದಿನ ಲಾವಾದಿಂದ. ದಖ್ಖನಿನ ಆ ಲಾವಾ ಆರುವಾಗ ಉಳಿದ ಗುಳ್ಳೆಗಳಲ್ಲಿ ಬಿಸಿನೀರು ಓಡಾಡಿ ಜಿಯೊಲೈಟ್ ಮತ್ತು ಅದರ ಜೊತೆಗಾರ ಖನಿಜಗಳು ಹರಳುಗಟ್ಟಿದವು. 19ನೆಯ ಶತಮಾನದಲ್ಲಿ ಭೋರ್ ಘಾಟ್‌ನಲ್ಲಿ ರೈಲುದಾರಿಗಾಗಿ ಬಂಡೆ ಸೀಳಿದಾಗ ಅವು ಹೇರಳವಾಗಿ ಹೊರಬಂದವು. ಕಾಂದಿವಲಿ, ಮಲಾಡ್ ಸುತ್ತಲಿನ ಕಲ್ಲುಗಣಿಗಳ ಪ್ರೆನೈಟ್, ಲೋಮಾಂಟೈಟ್, ಒಕೆನೈಟ್, ಗೈರೊಲೈಟ್ ಜಗತ್ತಿನ ಸಂಗ್ರಹಾಲಯಗಳಲ್ಲಿ ಬಾಂಬೆ ಎಂಬ ಚೀಟಿ ಹೊತ್ತು ಕೂತಿವೆ.

ಈ ಖನಿಜಗಳ ಸೂಚ್ಯಂಕ ನೋಡಿ: ಸ್ಟಿಲ್ಬೈಟ್ 1.48ರಿಂದ 1.51, ಹ್ಯೂಲಂಡೈಟ್ 1.49ರಿಂದ 1.51, ಸ್ಕೊಲೆಸೈಟ್ 1.51ರಿಂದ 1.52, ಅಪೊಫಿಲೈಟ್ ಮತ್ತು ಒಕೆನೈಟ್ 1.53ರಿಂದ 1.54, ಗೈರೊಲೈಟ್ 1.55ರ ಆಸುಪಾಸು. ಪ್ರೆನೈಟ್ ಒಂದನ್ನು ಬಿಟ್ಟರೆ, ಅದು 1.61ನ್ನು ಮೀರುತ್ತದೆ, ಮಿಕ್ಕವೆಲ್ಲ ಹರಳೆಣ್ಣೆಗೂ ಬೆಂಜೈಲ್ ಬೆಂಜೊಯೇಟ್‌ಗೂ ನಡುವೆ ಬರುತ್ತವೆ. ಭೂವಿಜ್ಞಾನದ ವಿದ್ಯಾರ್ಥಿಯೊಬ್ಬಳು ಬೆಕೆ ಗೆರೆಯ ವಿಧಾನ ಕಲಿಯಲು ಬೆಂಜೀನ್ ಮುಟ್ಟಬೇಕಿಲ್ಲ, ನೈಟ್ರೊಬೆಂಜೀನ್ ಮೂಸಬೇಕಿಲ್ಲ. ಸ್ಟಿಲ್ಬೈಟ್‌ನ ಪುಡಿಗೆ ಹರಳೆಣ್ಣೆ ಹಾಕಿದರೆ ಗೆರೆ ಕಣದೊಳಕ್ಕೆ ಸರಿಯುತ್ತದೆ. ಅದೇ ಪುಡಿಗೆ ಲವಂಗದ ಎಣ್ಣೆ ಹಾಕಿದರೆ ಗೆರೆ ಹೊರಕ್ಕೆ ಸರಿಯುತ್ತದೆ. ಎರಡು ಸೌಮ್ಯ ಹನಿಗಳ ನಡುವೆ ಖನಿಜ ಸಿಕ್ಕಿಬಿದ್ದಂತೆ. ಒಂದೇ ಎಚ್ಚರ: ಜಿಯೊಲೈಟ್‌ನ ಒಳಗೆ ಅಣುಗಾತ್ರದ ಓಣಿಗಳಿವೆ, ನೀರು ಒಳಹೊರಗೆ ಓಡಾಡುತ್ತಿರುತ್ತದೆ, ಹೊತ್ತು ಕಳೆದಂತೆ ಸೂಚ್ಯಂಕವೂ ಕದಲಬಹುದು. ಹನಿ ಹಾಕಿದ ಮೇಲೆ ತಡಮಾಡದೆ ನೋಡಬೇಕು.

ಸೆಕೆ ಮತ್ತು ಮಳೆ

ದ್ರವದ ಸೀಸೆಯ ಮೇಲೆ ಬರೆದ ಅಂಕಿ ಸಾಮಾನ್ಯವಾಗಿ 25 ಡಿಗ್ರಿ ಉಷ್ಣತೆಗೆ. ಮೇ ತಿಂಗಳ ಮುಂಬಯಿಯಲ್ಲಿ ಹವಾನಿಯಂತ್ರಣವಿಲ್ಲದ ಕೋಣೆ 34 ಡಿಗ್ರಿಗೆ ಸಲೀಸಾಗಿ ಏರುತ್ತದೆ. ಸಾವಯವ ದ್ರವಗಳ ಸೂಚ್ಯಂಕ ಡಿಗ್ರಿಗೆ ಸುಮಾರು 0.0004ರಿಂದ 0.0007ರಷ್ಟು ಇಳಿಯುವುದರಿಂದ, ಒಂಬತ್ತು ಡಿಗ್ರಿಗೆ 0.004ಕ್ಕಿಂತ ಹೆಚ್ಚೇ ತಪ್ಪು ಬರಬಹುದು. ಹನಿಯ ಮೇಲೆ ಕಲ್ಲಿಟ್ಟು ಓದುವ ರಿಫ್ರ್ಯಾಕ್ಟೋಮೀಟರಿಗೆ ಇದರಿಂದ ಬಾಧೆಯಿಲ್ಲ, ಅಲ್ಲಿ ಹನಿಯ ಅಂಕಿ ಲೆಕ್ಕಕ್ಕೆ ಬರುವುದಿಲ್ಲ. ಬೆಕೆ ಗೆರೆಗೆ ಮಾತ್ರ ಉಷ್ಣಮಾಪಕ ಪಕ್ಕದಲ್ಲಿರಬೇಕು.

ಗ್ಲಿಸರಿನ್‌ಗೆ ಮಳೆಗಾಲವೇ ಶತ್ರು. ಅದು ಗಾಳಿಯ ತೇವವನ್ನು ಹೀರುತ್ತದೆ. ಶುದ್ಧವಾಗಿದ್ದಾಗ 1.473 ಇದ್ದದ್ದು, ಹತ್ತರಲ್ಲಿ ಒಂದು ಪಾಲು ನೀರು ಸೇರಿದರೆ 1.46ಕ್ಕಿಂತ ಕೆಳಗಿಳಿಯುತ್ತದೆ. ಜುಲೈಯಲ್ಲಿ ಮುಚ್ಚಳ ತೆರೆದಿಟ್ಟ ಸೀಸೆಯ ಅಂಕಿಯನ್ನು ನಂಬಬಾರದು. ಬಳಸುವ ಹೊತ್ತಿಗೆ ದ್ರವದ ಸೂಚ್ಯಂಕವನ್ನೇ ಅಳೆದುಕೊಳ್ಳುವುದು ಇದಕ್ಕೆ ಪರಿಹಾರ. ಕಬ್ಬಿನ ಹಾಲಿನ ಸಕ್ಕರೆಯಂಶ ನೋಡಲು ಮಂಡ್ಯ, ಕೊಲ್ಹಾಪುರದ ಕಡೆ ಬಳಸುವ ಕೈಗಾತ್ರದ ಉಪಕರಣ ಕೂಡ ವಕ್ರೀಭವನವನ್ನೇ ಅಳೆಯುತ್ತದೆ. ದುಬಾರಿಯಲ್ಲದ, ಆದರೆ ಇನ್ನೂ ಹೆಚ್ಚಿನ ಸೂಚ್ಯಂಕದವರೆಗೆ ಓದಬಲ್ಲ ಅಂಥದೊಂದು ಉಪಕರಣ ಕಾಲೇಜಿನ ಗ್ಲಿಸರಿನ್ ಸೀಸೆಯನ್ನೂ ಕಾಯಬಲ್ಲದು.

ಉಷ್ಣತೆಯ ಈ ಕಾಟವನ್ನೇ ಉಪಾಯವಾಗಿ ತಿರುಗಿಸಿದವರೂ ಇದ್ದಾರೆ. ದ್ರವ ಬದಲಿಸುವ ಬದಲು ಒಂದೇ ದ್ರವವನ್ನು ಬಿಸಿಮಾಡುತ್ತ, ಬೆಳಕಿನ ಬಣ್ಣವನ್ನೂ ಬದಲಿಸುತ್ತ ಹೋಗುವ ಕ್ರಮವನ್ನು ಅಮೆರಿಕದ ಆರ್. ಸಿ. ಎಮನ್ಸ್ 1920ರ ದಶಕದ ಕೊನೆಯಲ್ಲಿ ಬೆಳೆಸಿದ. ಇಂದು ಜಗತ್ತಿನ ನ್ಯಾಯವಿಜ್ಞಾನ ಪ್ರಯೋಗಾಲಯಗಳಲ್ಲಿ ಒಡೆದ ಗಾಜಿನ ಚೂರುಗಳ ಹೋಲಿಕೆ ನಡೆಯುವುದು ಇದೇ ಜಾಡಿನಲ್ಲಿ. ಅಪಘಾತದ ಕಾರಿನ ಗಾಜಿನ ಕಣವನ್ನು ಸಿಲಿಕೋನ್ ಎಣ್ಣೆಯಲ್ಲಿಟ್ಟು ಮೆಲ್ಲಗೆ ಕಾಯಿಸುತ್ತಾರೆ. ಎಣ್ಣೆಯ ಸೂಚ್ಯಂಕ ಇಳಿದಿಳಿದು ಗಾಜಿಗೆ ಸರಿಹೊಂದಿದ ಕ್ಷಣ ಕಣ ಮಾಯ. ಆ ಉಷ್ಣತೆಯೇ ಗಾಜಿನ ಗುರುತು. ಸಿಲಿಕೋನ್ ಎಣ್ಣೆ ಸುಲಭಕ್ಕೆ ಆವಿಯಾಗುವುದಿಲ್ಲ, ಕೆಡುವುದಿಲ್ಲ, ಬೆಂಜೀನ್‌ನಂತೆ ರಕ್ತಕ್ಕೆ ಇಳಿಯುವುದಿಲ್ಲ. ಮಹಾರಾಷ್ಟ್ರದ ನ್ಯಾಯವಿಜ್ಞಾನ ನಿರ್ದೇಶನಾಲಯ ಇರುವ ಕಲೀನಾದಲ್ಲೇ ಮುಂಬಯಿ ವಿಶ್ವವಿದ್ಯಾಲಯದ ಆವರಣವಿದೆ. ಖನಿಜ ಮತ್ತು ಗಾಜು, ಎರಡರ ವಿದ್ಯಾರ್ಥಿಗಳೂ ಒಂದೇ ಬಿಸಿವೇದಿಕೆಯ ಮುಂದೆ ಕಲಿಯಬಹುದಾದ ಪಾಠ ಇದು.

ಸಾಂದ್ರತೆಯ ಪರೀಕ್ಷೆಯಲ್ಲೂ ದಾರಿ ತೆರೆದಿದೆ. ವಿಷಕಾರಿ ಭಾರದ ದ್ರವಗಳಾದ ಬ್ರೋಮೊಫಾರ್ಮ್ ಮತ್ತು ಟೆಟ್ರಾಬ್ರೋಮೊಈಥೇನ್‌ಗಳ ಜಾಗಕ್ಕೆ 1980ರ ದಶಕದಿಂದ ಸೋಡಿಯಂ ಪಾಲಿಟಂಗ್‌ಸ್ಟೇಟ್ ಬಂದಿದೆ. ನೀರಿನಲ್ಲಿ ಕರಗುವ ಲವಣ, ಸಾಂದ್ರತೆ 3.1ರವರೆಗೆ, ಆವಿಯ ಭಯವಿಲ್ಲ. ತೊಳೆದ ನೀರನ್ನು ಆರಿಸಿ ಲವಣವನ್ನು ಮರಳಿ ಪಡೆಯಬಹುದು. ಭಟ್ಟಿಯಿಳಿಸಿದ ನೀರೇ ಬೇಕು, ಏಕೆಂದರೆ ಗಡಸು ನೀರಿನ ಕ್ಯಾಲ್ಸಿಯಂ ಅದನ್ನು ಕೆಡಿಸುತ್ತದೆ. ಬೆಲೆ ಹೆಚ್ಚು. ಆದರೆ ವರ್ಷಗಟ್ಟಲೆ ತಿರುತಿರುಗಿ ಬಳಕೆಯಾಗುವ ದ್ರವದ ಬೆಲೆಯನ್ನು ಒಂದು ದಿನದ ಖರ್ಚಿನಿಂದ ತೂಗಬಾರದು.

ಆಗಬೇಕಾದ ಕೆಲಸ

ಝವೇರಿ ಬಜಾರ್, ಕಾಲ್ಬಾದೇವಿ, ಭುಲೇಶ್ವರದ ಇಕ್ಕಟ್ಟಾದ ಮಾಳಿಗೆಗಳಲ್ಲಿ ಕಲ್ಲು ಕೂರಿಸುವ ಕಾರಿಗರರು ಬಂಗಾಳದಿಂದ ಬಂದವರಿದ್ದಾರೆ, ನಮ್ಮ ಕರಾವಳಿಯ ದೈವಜ್ಞ ಮನೆತನಗಳಿಂದ ಬಂದವರೂ ಇದ್ದಾರೆ. ಕೆಲಸ ಮಾಡುವ ಕೋಣೆಯಲ್ಲೇ ಉಂಡು ಮಲಗುವವರು ಅಲ್ಲಿ ಹಲವರು. ಇಂಥ ಕೋಣೆಗೆ ಬರುವ ಪ್ರತಿಯೊಂದು ಸೀಸೆಯೂ ಅವರ ಅಡುಗೆಯ ಪಕ್ಕದಲ್ಲಿ ಕೂರುತ್ತದೆ. ಅಂಧೇರಿಯ ರಫ್ತು ವಲಯವಾದ ಸೀಪ್ಜ್‌ನ ದೊಡ್ಡ ಘಟಕಗಳಿಗೂ ಬಾಂದ್ರಾ-ಕುರ್ಲಾ ಸಂಕೀರ್ಣದ ಪ್ರಯೋಗಾಲಯಗಳಿಗೂ ಹೊಗೆ ಹೀರುವ ಯಂತ್ರಗಳಿರಬಹುದು, ಮಾಳಿಗೆಯ ಕಾರಿಗರನಿಗೆ ಇರುವುದು ಕಿಟಕಿಯೊಂದೇ. ಸುರಕ್ಷಿತ ದ್ರವದ ಮಾತು ಮೊದಲು ತಲುಪಬೇಕಾದ್ದು ಅವನಿಗೆ, ಅವನ ಭಾಷೆಯಲ್ಲಿ. ದ್ರವ ಮಾರುವವರು ಕೊಡಬೇಕಾದ ಸುರಕ್ಷತಾ ಮಾಹಿತಿ ಪತ್ರದ ಸಾರವನ್ನು ಬಂಗಾಳಿ, ಹಿಂದಿ, ಮರಾಠಿ, ಕನ್ನಡದಲ್ಲಿ ಒಂದು ಪುಟಕ್ಕಿಳಿಸಿ ಗೋಡೆಗೆ ಅಂಟಿಸುವುದು ವ್ಯಾಪಾರಿ ಸಂಘಗಳಿಗೆ ಕಷ್ಟದ ಕೆಲಸವಲ್ಲ.

ಕಾಲೇಜುಗಳಿಗೆ ಬೇರೆ ಕೆಲಸವಿದೆ. ಹಳೆಯ ಭೂವಿಜ್ಞಾನ ವಿಭಾಗಗಳ ಕಪಾಟಿನಲ್ಲಿ ಚೀಟಿ ಮಾಸಿದ ಸೀಸೆಗಳು ಉಳಿದಿರುವ ಸಂಭವ ಹೆಚ್ಚು: ಬ್ರೋಮೊಫಾರ್ಮ್, ನೈಟ್ರೊಬೆಂಜೀನ್, ಥ್ಯಾಲಿಯಂ ದ್ರಾವಣ. 1970ರ ದಶಕಕ್ಕೂ ಮೊದಲಿನ ಕೆಲವು ಸೂಕ್ಷ್ಮದರ್ಶಕದ ಎಣ್ಣೆಗಳಲ್ಲಿ ಪಿಸಿಬಿ ಎಂಬ, ದೇಹದ ಕೊಬ್ಬಿನಲ್ಲಿ ನೆಲೆಯೂರುವ ವಿಷವಿತ್ತು. ಇವನ್ನು ತೊಟ್ಟಿಗೆ ಸುರಿದರೆ ಚರಂಡಿ ಸೇರಿ ಖಾಡಿಗೆ, ಅಲ್ಲಿಂದ ಮೀನಿಗೆ ಹೋಗುತ್ತವೆ. ಪಟ್ಟಿ ಮಾಡಿ, ಸೀಲು ಹಾಕಿ, ತಳೋಜಾದಲ್ಲಿರುವ ಅಪಾಯಕಾರಿ ತ್ಯಾಜ್ಯ ಸಂಸ್ಕರಣಾ ಘಟಕಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ನಿಯಮದಂತೆ ಕಳಿಸಬೇಕು.

ಆ ಕಪಾಟಿನಲ್ಲಿ ಖಾಲಿಯಾದ ಜಾಗಕ್ಕೆ ಏಳು ಸೀಸೆ ಸಾಕು: ಗ್ಲಿಸರಿನ್, ಹರಳೆಣ್ಣೆ, ದೇವದಾರು ಎಣ್ಣೆ, ಲವಂಗದ ಎಣ್ಣೆ, ಬೆಂಜೈಲ್ ಬೆಂಜೊಯೇಟ್, ಕ್ಯಾಸಿಯಾ, ಸಿಲಿಕೋನ್ ಎಣ್ಣೆ. ಜೊತೆಗೊಂದು ಉಷ್ಣಮಾಪಕ. ಪ್ರತಿ ಸೀಸೆಗೂ ಹೆಸರು, ತೆರೆದ ದಿನಾಂಕ, ಕೊನೆಯ ಸಲ ಅಳೆದ ಸೂಚ್ಯಂಕ ಬರೆದ ಚೀಟಿ. ಮೊದಲ ವರ್ಷದ ವಿದ್ಯಾರ್ಥಿಗಳು ಕಾಂದಿವಲಿಯ ಖನಿಜಗಳ ಮೇಲೆ ಬೆಕೆ ಗೆರೆ ಕಲಿಯಲಿ. ಎರಡನೆಯ ವರ್ಷ ಸ್ಫಟಿಕ ಮತ್ತು ಅಕ್ವಾಮರೀನ್ ಕ್ಯಾಸಿಯಾದ ಹನಿಯ ಮೇಲೆ ಅಳೆಯಲಿ. 1.81ರ ಪುಟ್ಟ ಸೀಸೆಗೆ ಬೀಗದ ಪೆಟ್ಟಿಗೆಯಿರಲಿ. ಕುರಂದ, ಗೋಮೇಧಿಕ, ವೈಡೂರ್ಯಗಳ ಸರದಿ ಬಂದಾಗ ಅದನ್ನು ಕಿಟಕಿ ತೆರೆದು, ಕೈಗವಸು ತೊಟ್ಟು, ಶಿಕ್ಷಕರ ಎದುರು ತೆಗೆಯಲಿ. ಓದು ಮುಗಿದೊಡನೆ ಕಲ್ಲನ್ನೂ ಗಾಜನ್ನೂ ಒರೆಸಿ, ಒರೆಸಿದ ಕಾಗದವನ್ನು ಮುಚ್ಚಳವಿರುವ ಡಬ್ಬಿಗೆ ಹಾಕಿ, ಬಳಸಿದ ಹನಿಗಳ ಲೆಕ್ಕವನ್ನು ದಾಖಲೆ ಪುಸ್ತಕದಲ್ಲಿ ಬರೆಯಲಿ.